ಇಂಗಿನ ಪಾಳಿ

ನಮ್ಮೂರಿನಲ್ಲಿ ಬೆಂಕಿ ಹತ್ತುವುದಿಲ್ಲ. ಊರ ಹೆಬ್ಬಾಗಿಲಾದ ಅಗಸಿಯ ಹೊರಗೆ ನಿಂತು ಕಡ್ಡಿ ಗೀರಿದರೆ ಭರ್ರೆಂದು ಹತ್ತುತ್ತದೆ. ಅದೇ ಕಡ್ಡಿಯನ್ನು ಹಿಡಿದು ಅಗಸಿಯ ಒಳಗೆ ಕಾಲಿಟ್ಟರೆ ಆರಿಹೋಗುತ್ತದೆ. ಹೊಸದಾಗಿ ಬಂದವರು ಇದನ್ನು ಮಾಡಿ ನೋಡದೆ ಬಿಡುವುದಿಲ್ಲ. ಒಳಗೆ, ಹೊರಗೆ, ಒಳಗೆ, ಹೊರಗೆ ಎಂದು ಅರ್ಧ ಪೆಟ್ಟಿಗೆ ಕಡ್ಡಿ ಮುಗಿಸಿ, ಆಮೇಲೆ ನಮ್ಮನ್ನು ಕನಿಕರದಿಂದ ನೋಡುತ್ತಾರೆ. ಪಾಪ, ಇವರು ಹಸಿ ಹಿಟ್ಟು ತಿಂದು ಬದುಕುತ್ತಾರೇನೋ ಎಂದು. ನಾನು ಅವರನ್ನು ಊರ ನಡುವಿನ ಕಾವಲಿಯ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಅವರ ಮುಖ ನೋಡುವುದೇ ಒಂದು ಹಬ್ಬ.

ಕಾವಲಿ ಎಂದರೆ ಮನೆಯ ಮೂಲೆಯಲ್ಲಿ ಒರಗಿಸಿಡುವ ಕಾವಲಿಯಲ್ಲ. ಇಡೀ ಊರಿಗೆ ಒಂದೇ. ಮದುವೆಯ ಚಪ್ಪರ ಹಾಕಿದರೆ ಎಷ್ಟಗಲವೋ ಅಷ್ಟಗಲದ ಬೂದುಬಣ್ಣದ ಲೋಹದ ಹಾಸು. ಅದರ ತಲೆಯ ಕಡೆ ಬಂಡೆಯಲ್ಲೊಂದು ಬಿರುಕು. ಬಿರುಕಿನಿಂದ ಸದಾ ಗಾಳಿ ಏಳುತ್ತದೆ, ಕಲ್ಲಿನ ತೂಬಿನಲ್ಲಿ ಹರಿದು ಬಂದು ಕಾವಲಿಯ ಮೇಲೆ ಹಾಯುತ್ತದೆ. ಆ ಗಾಳಿ ಸೋಕಿದಲ್ಲಿ ಕಾವಲಿ ಕಾಯುತ್ತದೆ. ಉರಿ ಇಲ್ಲ, ಹೊಗೆ ಇಲ್ಲ, ಊದುವ ಕೆಲಸವಿಲ್ಲ. ಒಂದೊಂದು ಮನೆಗೂ ಅದರ ಮೇಲೆ ಒಂದೊಂದು ಜಾಗ. ನಮ್ಮಲ್ಲಿ ಹೆಣ್ಣು ಕೊಡುವಾಗ ಹುಡುಗನಿಗೆ ಹೊಲ ಎಷ್ಟು ಎಂದು ಯಾರೂ ಕೇಳುವುದಿಲ್ಲ, ಕಾವಲಿಯ ಯಾವ ಸಾಲಿನಲ್ಲಿ ಜಾಗ ಎಂದು ಕೇಳುತ್ತಾರೆ. ತೂಬಿಗೆ ಹತ್ತಿರದವರು ಸ್ವಲ್ಪ ಎದೆ ಮುಂದೆ ಮಾಡಿ ನಡೆಯುತ್ತಾರೆ. ನಮ್ಮದು ಕಡೆಯ ಸಾಲಿನ ಮೂಲೆ. ನಮ್ಮ ಮನೆಯವರು ತಲೆತಲಾಂತರದಿಂದ ಬೇಳೆ ಬೇಯುವುದನ್ನು ಕಾಯುತ್ತ ಮಾತು ಕಲಿತವರು.

ಕಾವಲಿಗೆ ಇರುವುದು ಒಂದೇ ಒಂದು ಕೆಟ್ಟ ಗುಣ. ಕೆಲವು ವಾಸನೆ ಅದಕ್ಕೆ ಆಗಿಬರುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಮೂಲಂಗಿ, ಕೊಳೆತ ಮೊಟ್ಟೆ ಇಂಥವು. ತೂಬಿನ ಗಾಳಿಯಲ್ಲಿ ಇವುಗಳ ಎಳೆ ಬೆರೆತರೆ ಸಾಕು, ಗಾಳಿ ಹಾಯುವ ದಾರಿಯುದ್ದಕ್ಕೂ ಕಾವಲಿ ತಣ್ಣಗಾಗಿ ಕೂರುತ್ತದೆ. ನಾವು ಅದಕ್ಕೆ ಮುನಿಸು ಎನ್ನುತ್ತೇವೆ. ಈರುಳ್ಳಿಯ ಮುನಿಸು ಸಂಜೆಗೆ ಇಳಿಯುತ್ತದೆ, ಬೆಳ್ಳುಳ್ಳಿಯದಕ್ಕೆ ವಾರ ಬೇಕು. ಇಂಗಿನ ಮುನಿಸು ಮಾತ್ರ ಎಂದಿಗೂ ಇಳಿಯುವುದಿಲ್ಲ ಎಂದು ಹಿರಿಯರು ಹೇಳುತ್ತಿದ್ದರು. ನಿಮಗೆ ಹೇಗೆ ಗೊತ್ತು ಎಂದು ಕೇಳಿದರೆ ಸಿಟ್ಟಾಗುತ್ತಿದ್ದರು, ಏಕೆಂದರೆ ಇಂಗು ಊರೊಳಗೆ ಬಂದದ್ದನ್ನು ಯಾರೂ ಕಂಡಿರಲಿಲ್ಲ. ಕಾವಲಿಯನ್ನು ಗುಡಿಸಿ ಒರೆಸಿ ನೋಡಿಕೊಳ್ಳುವವಳು ನನ್ನ ಸೋದರತ್ತೆ ದ್ಯಾಮಕ್ಕ. ಅವಳ ಪ್ರಕಾರ ಇದೆಲ್ಲ ಊಟದ ಪಂಕ್ತಿ ಇದ್ದ ಹಾಗೆ. ಬಿರುಕಿನ ಗಾಳಿ ಬಂದು ಕಾವಲಿಯ ಮೇಲೆ ಕೂರುತ್ತದೆ, ಉಂಡು ಎದ್ದು ಹೋಗುತ್ತದೆ, ಎದ್ದ ಜಾಗಕ್ಕೆ ಇನ್ನಷ್ಟು ಗಾಳಿ ಬರುತ್ತದೆ. ಬೆಳ್ಳುಳ್ಳಿಯ ವಾಸನೆಯಾದರೋ ಎಲೆಯ ಮುಂದೆ ಕೂತದ್ದು ಏಳುವುದೇ ಇಲ್ಲ. ತಾನೂ ಉಣ್ಣುವುದಿಲ್ಲ, ಉಣ್ಣುವವರಿಗೆ ಜಾಗವನ್ನೂ ಬಿಡುವುದಿಲ್ಲ. ಇಷ್ಟು ಹೇಳಿ ಅವಳು ನಮ್ಮ ಬೀಗರ ಹಾಗೆ ಎಂದು ಸೇರಿಸುತ್ತಿದ್ದಳು, ಬೀಗರು ಎದುರಿಗೇ ಕೂತಿದ್ದರೂ.

ನನ್ನ ಕೆಲಸ ಮೂಸುವುದು. ಬೇರೆ ಊರುಗಳಲ್ಲಿ ಕಂಡವರ ವಿಷಯಕ್ಕೆ ಮೂಗು ತೂರಿಸುವವರನ್ನು ಬೈಯುತ್ತಾರೆ, ನಮ್ಮೂರಿನಲ್ಲಿ ಅಂಥವನನ್ನು ಕರೆದು ಅಗಸಿಯಲ್ಲಿ ಕೂರಿಸುತ್ತಾರೆ. ಬಂದವರ ಚೀಲ, ಅಂಗೈ, ಉಸಿರು ಮೂಸಿ ಒಳಗೆ ಬಿಡುವುದು, ಇಲ್ಲವೇ ಕೆರೆಯಲ್ಲಿ ಮಿಂದು ಬರಲು ಕಳಿಸುವುದು. ನನ್ನ ಹೆಸರು ಅಡಿವೆಪ್ಪ ಎಂದು ನೆನಪಿರುವವರು ಕಡಿಮೆ, ಎಲ್ಲರ ಬಾಯಲ್ಲೂ ಮೂಗಪ್ಪ. ಜಂಬ ಕೊಚ್ಚಿಕೊಳ್ಳುತ್ತೇನೆ ಎಂದುಕೊಂಡರೂ ಸರಿ, ಹೇಳುತ್ತೇನೆ: ಹಿಂದಿನ ದಿನ ಈರುಳ್ಳಿ ಹೆಚ್ಚಿದ ಚಾಕುವನ್ನು ಒರೆಸಿದ ಬಟ್ಟೆ ಯಾವ ಜೇಬಿನಲ್ಲಿದೆ ಎಂದು ನಾನು ದೂರದಿಂದಲೇ ಹೇಳಬಲ್ಲೆ.

ಅಗಸಿಯ ಹೊರಗೆ ವಾರದ ಸಂತೆ ಕೂಡುತ್ತದೆ. ಅಂಥ ಒಂದು ದಿನ ನನ್ನ ಮೂಗು ನನಗೆ ಹೇಳದೆ ಕೇಳದೆ ತಿರುಗಿತು. ಹುಟ್ಟಿದಾರಭ್ಯ ಮೂಸಿರದ ವಾಸನೆ. ಮೊದಲು ಥೂ ಅನಿಸಿತು, ಮರುಗಳಿಗೆಗೆ ಬಾಯಲ್ಲಿ ನೀರೂರಿತು, ಆಮೇಲೆ ಯಾಕೋ ಎದೆ ಹೊಡೆದುಕೊಂಡಿತು. ಎಳೆ ಹಿಡಿದು ಹೋದರೆ ಅದರ ತುದಿಯಲ್ಲಿ ಸಾವಂತ್ರಿ ಕೂತಿದ್ದಳು. ಅವಳ ತವರಿನವರು ಇಂಗು ಕಲಸಿ, ಒಣಗಿಸಿ, ಕುಟ್ಟಿ ಮಾರುವವರು. ಅವಳ ಉಗುರು, ಮಣಿಕಟ್ಟು, ಸೆರಗು ಎಲ್ಲದರಲ್ಲೂ ಇಂಗು. ಇಂಗು ತಿಂದ ಮಂಗನ ಹಾಗೆ ಯಾಕೆ ನಿಂತಿದ್ದೀರಿ ಎಂದು ಕೇಳಿದಳು. ನಾನು ತಿಂದಿರಲಿಲ್ಲ, ಬರೀ ಮೂಸಿದ್ದೆ. ಅಷ್ಟಕ್ಕೇ ಕೆಲಸ ಕೆಟ್ಟಿತ್ತು.

ಮದುವೆಯಾದರೆ ಇವಳನ್ನೇ ಎಂದು ನಾನು ಹಟ ಹಿಡಿದಾಗ ಊರಿನವರು ಮೂಗಿನ ಮೇಲೆ ಬೆರಳಿಟ್ಟರು. ಆದರೆ ಮೂಗಪ್ಪನ ಹಟ, ಬೇಡವೆಂದರೆ ಅಗಸಿ ಬಿಟ್ಟು ಹೋದಾನು. ಕಡೆಗೆ ಒಂದು ಕರಾರಾಯಿತು: ವಾಸನೆ ಪೂರ್ತಿ ಹೋಗುವ ತನಕ ಹುಡುಗಿ ಅಗಸಿಯ ಹೊರಗಿನ ಸಂತೆಯ ಛಾವಣಿಯಲ್ಲಿರಬೇಕು. ಸಾವಂತ್ರಿ ಒಪ್ಪಿದಳು. ಹುಣಸೆಹಣ್ಣು, ಸೀಗೆಕಾಯಿ, ಕೆರೆಯ ಮಣ್ಣು ಹಾಕಿ ಕೈ ತಿಕ್ಕಿದಳು. ದಿನಾ ಬೆಳಿಗ್ಗೆ ದ್ಯಾಮಕ್ಕನ ಎದುರಿಗೆ ನಾನು ಅವಳ ಅಂಗೈ ಮೂಸಿ ಫಲಿತಾಂಶ ಹೇಳಬೇಕು. ಮದುವೆಗೆ ಮುಂಚೆ ಹೆಣ್ಣಿನ ಕೈ ಹಿಡಿದರೆ ನಮ್ಮಲ್ಲಿ ತಪ್ಪು, ಮೂಸಲು ಹಿಡಿದರೆ ಊರ ಕೆಲಸ. ನಾನು ಊರ ಕೆಲಸವನ್ನು ಬಹಳ ನಿಷ್ಠೆಯಿಂದ ಮಾಡಿದೆ. ಒಂದು ದಿನ ದ್ಯಾಮಕ್ಕನೇ ಬೇಸತ್ತು, "ವಾಸನಿ ಯಾವಾಗೋ ಹೋಗೇತಿ, ಆಕಿ ಕೈ ಬಿಡೋ ಮಾರಾಯ, ಮದುವಿ ಮಾಡ್ತೀವಿ," ಎಂದಳು.

ಹೀಗೆ ಸಾವಂತ್ರಿ ನಮ್ಮ ಕಡೆಯ ಸಾಲಿನ ಮೂಲೆಗೆ ಬಂದಳು. ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತದಂತೆ, ಎರಡೂ ಇಲ್ಲದೆ ಮಾಡಬೇಕಾದರೆ ಮನುಷ್ಯರೇ ಆಗಬೇಕು ನೋಡಿ ಎಂದು ನಗುತ್ತಾ ಬೇಳೆಗೆ ಬರೀ ಉಪ್ಪು ಹುಳಿ ಹಾಕಿ ಇಳಿಸುತ್ತಿದ್ದಳು. ಊರವರು ಅವಳ ಜೊತೆ ಚೆನ್ನಾಗಿಯೇ ಇದ್ದರು. ಆದರೂ ಪಕ್ಕದ ಜಾಗದವರು ತಮ್ಮ ಗಡಿಗೆಯನ್ನು ನಮ್ಮ ಗಡಿಗೆಯಿಂದ ಒಂದು ಗೇಣು ಆಚೆಗೆ ಸರಿಸಿಯೇ ಇಡುತ್ತಿದ್ದರು. ಅವಳು ಅದನ್ನು ನೋಡಿಯೂ ನೋಡದ ಹಾಗೆ ಇರುತ್ತಿದ್ದಳು.

ಮುಂದಿನ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ನೆಲದೊಳಗೆ ದೊಡ್ಡದಾಗಿ ಗುಡುಗಿತು. ಗಡಿಗೆಗಳೆಲ್ಲ ಕುಣಿದವು, ಮತ್ತೆ ಸುಮ್ಮನಾದವು. ನಾನು ತೂಬಿನ ಹತ್ತಿರ ಹೋಗಿ ಮೂಸಿದೆ. ಬಿರುಕಿನ ಗಾಳಿಗೆ ಮೊದಲಿನಿಂದಲೂ ತನ್ನದೇ ಒಂದು ವಾಸನೆ ಇತ್ತು, ಕೊಳೆತ ಮೊಟ್ಟೆಯದು. ನನ್ನಂಥವನಿಗೆ ಮಾತ್ರ ಸಿಗುವಷ್ಟು ಸಣ್ಣದು. ಅದು ಮಾಯವಾಗಿತ್ತು. ಗಾಳಿ ಶುದ್ಧ ಗಾಳಿಯಾಗಿತ್ತು. ನಾನು ಊರಿನ ಹಿರಿಯ ರಾಚೋಟಪ್ಪನ ಮನೆಗೆ ಓಡಿಹೋಗಿ ಸುದ್ದಿ ಹೇಳಿದೆ. ಅವರು ಒಳ್ಳೆಯ ಮನುಷ್ಯ, ಊರಿಗೆ ಏನಾದರೂ ಒಳ್ಳೆಯದು ಮಾಡಬೇಕೆಂದು ಒದ್ದಾಡುವವರು. ಸುದ್ದಿ ಕೇಳಿ ಚಪ್ಪಲಿಯನ್ನೂ ಮೆಟ್ಟದೆ ಬಂದರು. ಬರುವಷ್ಟರಲ್ಲಿ ಕಾವಲಿ ಬೇರೆಯೇ ಆಗಿತ್ತು.

ಅದನ್ನು ಹೇಗೆ ಹೇಳಲಿ! ಯಾವಾಗಲೂ ಬೂದಾಗಿರುತ್ತಿದ್ದ ಹಾಸು ತೂಬಿನ ಬಾಯಿಂದ ನಮ್ಮ ಮೂಲೆಯ ತನಕ ದಾಸವಾಳದ ಹಾಗೆ ಕೆಂಪಗೆ ಹೊಳೆಯುತ್ತಿತ್ತು. ರೊಟ್ಟಿ ಹಾಕಿದರೆ ತಿರುವಲು ಪುರುಸೊತ್ತಿಲ್ಲ. ನಾವು ಕುಕ್ಕರಗಾಲಲ್ಲಿ ಕೂರುವುದರೊಳಗೆ ಬೇಳೆ ಬೆಂದು ಉಕ್ಕಿತು. ಕಡೆಯ ಸಾಲಿನವರು, ಮೊದಲ ಸಾಲಿನವರು ಎಂಬ ಭೇದವೇ ಅಂದು ಹೋಯಿತು. ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ತಂದಿಟ್ಟು ಬೆಲ್ಲ ಮಾಡಿದೆವು. ನಮ್ಮೂರಿನಲ್ಲಿ ಬೆಲ್ಲ ಕಾಯಿಸಿದ್ದು ಅದೇ ಮೊದಲು. ಮುದುಕರು ಬಿಸಿಬಿಸಿ ಬೆಲ್ಲ ನೆಕ್ಕುತ್ತಾ ಕುಣಿದರು. ರಾಚೋಟಪ್ಪ ಕೊಪ್ಪರಿಗೆಯ ಪಕ್ಕ ನಿಂತು ಅತ್ತೇಬಿಟ್ಟರು. ಒಂದು ಚೂರು ಹೊಲಸು ಹೋಗಿದ್ದಕ್ಕೆ ಇಷ್ಟು ಕಾವು ಬಂದರೆ ಊರಿನ ಹೊಲಸೆಲ್ಲ ಹೋದರೆ ಇನ್ನೆಷ್ಟು ಬಂದೀತು ಎಂದರು. ಎಲ್ಲರೂ ಹೌದು ಹೌದು ಎಂದು ಕೂಗಿದೆವು. ನನ್ನ ದನಿ ಎಲ್ಲರಿಗಿಂತ ಜೋರಾಗಿತ್ತು.

ಮಾರನೆಯ ದಿನದಿಂದ ಊರು ತೊಳೆಯುವ ಕೆಲಸ. ಸಾಸಿವೆ ಹೋಯಿತು, ಉಪ್ಪಿನಕಾಯಿ ಹೋಯಿತು, ಎಲೆಕೋಸು ಹೋಯಿತು. ಕೊಟ್ಟಿಗೆಗಳನ್ನು ಕೆರೆಯ ಆಚೆ ಸಾಗಿಸಿದೆವು. ಮಲ್ಲಿಗೆ, ತಲೆಗೆ ಹಚ್ಚುವ ಎಣ್ಣೆ, ಊದುಬತ್ತಿಯ ಹಿಟ್ಟು ಇವೆಲ್ಲ ಕಾವಲಿಗೆ ಎಂದೂ ಏನೂ ಮಾಡಿರಲಿಲ್ಲ, ಆದರೂ ವಾಸನೆ ವಾಸನೆಯೇ ಎಂದು ಅವನ್ನೂ ಆಚೆ ಹಾಕಿದೆವು. ನಾನು ಮನೆಮನೆಗೆ ಹೋಗಿ ಮೂಸಿದೆ. ಅತಿಯಾದರೆ ಅಮೃತವೂ ವಿಷ ಎಂದು ದ್ಯಾಮಕ್ಕ ಗೊಣಗಿದಳು. ಅವಳಿಗೆ ವಯಸ್ಸಾಯಿತು ಎಂದು ನಕ್ಕೆವು.

ಆಮೇಲೆ ಮಸಿ ಬಂತು. ಮೊದಲು ತೂಬಿನ ಬಾಯಿಯಲ್ಲಿ ಹೊಸ ಮೀಸೆಯಷ್ಟು ಕಪ್ಪು. ಒರೆಸಿದರೆ ಹೋಯಿತು, ಉಂಡು ಕೈ ತೊಳೆಯುವಷ್ಟರಲ್ಲಿ ಮತ್ತೆ ಬಂತು. ಹೊಗೆಯೇ ಇಲ್ಲದ ಊರಿಗೆ ಮಸಿ ಎಲ್ಲಿಂದ ಬರಬೇಕು? ಮೂರನೆಯ ಸಾಲು, ನಾಲ್ಕನೆಯ ಸಾಲು ಎಂದು ಅದು ಕರಿಯ ಕೂದಲಿನ ಹಾಗೆ ಬೆಳೆಯುತ್ತ ಇಳಿಯಿತು. ಮಸಿ ಕವಿದಲ್ಲಿ ಕಾವು ಇಲ್ಲ. ಕೆರೆದು ತೆಗೆದರೆ ಮಸಿಯ ಜೊತೆ ಲೋಹದ ಹಿಟ್ಟೂ ಉದುರಿತು. ದ್ಯಾಮಕ್ಕ ಅದನ್ನು ಅಂಗೈಯಲ್ಲಿ ಹಿಡಿದು ಎಲ್ಲರಿಗೂ ತೋರಿಸಿದಳು. ಕಾವಲಿ ಸವೆಯುತ್ತಿತ್ತು. ಹೀಗೇ ಹೋದರೆ ಮಳೆಗಾಲದ ಹೊತ್ತಿಗೆ ಊರು ಹಸಿ ಹಿಟ್ಟು ತಿನ್ನಬೇಕು ಇಲ್ಲವೇ ಊರು ಬಿಡಬೇಕು.

ಈಗ ನಗು ಬರುತ್ತದೆ, ಆಗ ಬರಲಿಲ್ಲ. ಕಾವಲಿಗೆ ಏನಾದರೂ ಆದರೆ ಅದು ವಾಸನೆಯಿಂದಲೇ ಎಂದು ನಂಬಿ ಬೆಳೆದವರು ನಾವು. ಹಾಗಾಗಿ ಎಲ್ಲೋ ಯಾರೋ ವಾಸನೆ ಬಚ್ಚಿಟ್ಟಿದ್ದಾರೆ ಎಂದು ಹುಡುಕಿದೆವು. ಇನ್ನಷ್ಟು ತೊಳೆದೆವು. ತೊಳೆದಷ್ಟೂ ಮಸಿ ದಪ್ಪವಾಯಿತು, ದಪ್ಪವಾದಷ್ಟೂ ತೊಳೆದೆವು. ಕಡೆಗೆ ತೊಳೆಯಲು ಏನೂ ಉಳಿಯದೆ ಹೋದಾಗ ಜನ ಒಬ್ಬೊಬ್ಬರಾಗಿ ಸಾವಂತ್ರಿಯ ಕಡೆ ತಿರುಗಿದರು. ಅವಳು ಆಗ ಐದು ತಿಂಗಳ ಬಸುರಿ.

ರಾಚೋಟಪ್ಪ ನನ್ನನ್ನು ಕರೆದು ಕೂರಿಸಿ ಮೆಲ್ಲಗೆ ಮಾತಾಡಿದರು. ಇಂಗಿನ ಮನೆಯ ಹುಡುಗಿ, ರಕ್ತದಲ್ಲೇ ಇರಬಹುದು, ಈಗ ಹೊರಬರುತ್ತಿರಬಹುದು ಎಂದರು. ಸಂತೆಯ ದಿನ ಬೆಳಿಗ್ಗೆ ಊರ ಮುಂದೆ ನೀನೇ ಅವಳನ್ನು ಮೂಸಿ ಹೇಳು, ವಾಸನೆ ಇದ್ದರೆ ಅವಳು ತವರಿಗೆ ಹೋಗಲಿ ಎಂದರು. ಹೋದರೆ ಯಾವಾಗ ಬರುವುದು ಎಂದು ಕೇಳಿದೆ. ಅದನ್ನು ಆಮೇಲೆ ನೋಡೋಣ ಎಂದರು. ಒಂದೇ ಮನೆಯಲ್ಲಿದ್ದರೆ ಮೂಗು ಮಂದವಾಗುತ್ತದೆ ಎಂದು ಸಂತೆಯ ತನಕ ನನ್ನನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡರು. ನಾನು ಉಂಡ ಅನ್ನ ಮೈಗೆ ಹತ್ತಲಿಲ್ಲ. ಅವಳಲ್ಲಿ ಏನೂ ಇಲ್ಲವೆಂದು ನನಗೆ ಖಾತ್ರಿಯಿತ್ತು.

ಸಂತೆಯ ಬೆಳಿಗ್ಗೆ ಊರೆಲ್ಲ ಕಾವಲಿಯ ಸುತ್ತ ನಿಂತಿತ್ತು. ಸಾವಂತ್ರಿ ಬಟ್ಟೆಯ ಗಂಟು ಕಟ್ಟಿಕೊಂಡೇ ಬಂದಿದ್ದಳು. ಎರಡೂ ಕೈ ಮುಂದೆ ಚಾಚಿದಳು. ನಾನು ಬಗ್ಗಿ ಮೂಸಿದೆ. ಇತ್ತು. ಬೆರಳ ಸಂದಿಯಲ್ಲಿ, ಎಳೆಯಷ್ಟು, ಆದರೆ ಇತ್ತು. ದೀಪವೇ ಇಲ್ಲದ ಊರಿನಲ್ಲಿ ಹುಟ್ಟಿದ ನನಗೆ ದೀಪದ ಬುಡದ ಕತ್ತಲೆ ಅಂದರೇನೆಂದು ಅಂದು ತಿಳಿಯಿತು. ನನ್ನ ಮನೆಯಲ್ಲೇ, ನನ್ನ ಮೂಗಿನ ಕೆಳಗೇ ಇಂಗು, ಅದರ ಜೊತೆಗೇ ಉಂಡು ಮಲಗಿ ಮೂಗು ಮಂದವಾಗಿತ್ತು. ತಲೆಯೆತ್ತಿದೆ. ಏನೂ ಇಲ್ಲ ಎಂದು ಹೇಳುವುದೆಂದು ನಿಶ್ಚಯಿಸಿ ಬಾಯಿ ತೆರೆದೆ. ಸುಳ್ಳು ಹೇಳಿದ ಮೂಗನ್ನು ಯಾರೂ ನಂಬುವುದಿಲ್ಲ, ನಂಬದಿದ್ದರೆ ಬೇಡ, ಇವಳನ್ನು ಕಳಿಸಲಾರೆ ಅನಿಸಿತು.

"ಸುಳ್ಳು ಹೇಳಬ್ಯಾಡ್ರಿ," ಎಂದಳು ಸಾವಂತ್ರಿ. "ಐತಿ. ನನಗ ಬಯಕಿ ಆಗಿತ್ತು. ನೀವು ಮನಿಮನಿ ಮೂಸಾಕ ಹೋದಾಗ ಸಂತಿಗೆ ಬಂದ ಅಣ್ಣನ ಕಡೆ ಒಂದು ಇಂಗಿನ ಹರಳು ಇಸಗೊಂಡೆ. ದಿನಾ ಒಂದು ಸಾಸಿವಿಕಾಳಷ್ಟು ಬ್ಯಾಳ್ಯಾಗ ಹಾಕಿ ಕುದಿಸೀನಿ."

ಜನ ಹೋ ಎಂದರು. ಯಾರೋ ಅಗಸಿಯ ಕಡೆ ಕೈ ತೋರಿಸಿದರು. ರಾಚೋಟಪ್ಪ ಕಣ್ಣು ಮುಚ್ಚಿಕೊಂಡು ನಿಂತರು. ದ್ಯಾಮಕ್ಕ ಮಾತ್ರ, ಯಾವಾಗಿನಿಂದ ಎಂದು ಕೇಳಿದಳು. ಮಸಿ ಬರುವುದಕ್ಕೆ ಮುಂಚೆಯೋ ಆಮೇಲೋ? ನೆಲ ಗುಡುಗಿದ ವಾರದಿಂದ ಎಂದಳು ಸಾವಂತ್ರಿ. ಅಷ್ಟು ಹೇಳಿ ಗಂಟನ್ನು ಕೆಳಗಿಟ್ಟು ನೇರ ಕಡೆಯ ಸಾಲಿನ ಮೂಲೆಗೆ ನಡೆದಳು. ನಮ್ಮ ಜಾಗವೂ ಎಲ್ಲರ ಜಾಗದ ಹಾಗೆ ಕಪ್ಪಗಿತ್ತು. ಅವಳು ಮೊಣಕಾಲೂರಿ ಸೆರಗಿನಿಂದ ಒರೆಸಿದಳು. ಒಂದೇ ಸಲಕ್ಕೆ ಮಸಿ ಹೋಗಿ, ಕೆಳಗೆ ಬೂದುಬಣ್ಣದ ಹಳೆಯ ಕಾವಲಿ ಕಂಡಿತು, ಒಂದು ಗೀರೂ ಇಲ್ಲದೆ.

"ಈ ಮಸಿ ನಮ್ಮದಲ್ಲ," ಎಂದಳು. "ಬಾಜೂ ಜಾಗದ್ದು. ನಮ್ಮ ಜಾಗಕ್ಕ ಮಸಿ ಬರಲೇ ಇಲ್ಲ. ಎಲ್ಲಾರದ್ದೂ ಕರಿ ಆಗಿ ನಮ್ಮದೊಂದ ಬಿಳಿ ಇದ್ದರ ಸಿಕ್ಕಬೀಳ್ತೀನಂತ ಹೆದರಿ ದಿನಾ ಮುಂಜಾನೆ ನಾನ ಬಳೀತಿದ್ದೆ."

ಇಡೀ ಊರು ತನ್ನ ಮಸಿ ತಿಕ್ಕುತ್ತಿದ್ದಾಗ ಇವಳೊಬ್ಬಳು ಮಸಿ ಕದ್ದು ತಂದು ಹಚ್ಚುತ್ತಿದ್ದಳು! ನಾನು ನಗಬೇಕೋ ಅಳಬೇಕೋ ತಿಳಿಯದೆ ನಿಂತೆ. ರಾಚೋಟಪ್ಪ ಸೋಲುವವರಲ್ಲ. ಇಂಗಿನಿಂದ ಆ ಜಾಗ ಸತ್ತುಹೋಗಿದೆ, ಸತ್ತ ಜಾಗಕ್ಕೆ ಮಸಿ ಹೇಗೆ ಬಂದೀತು ಎಂದರು. ಮಾತು ಸರಿಯೇ ಇತ್ತು, ಜನ ತಲೆಯಾಡಿಸಿದರು. ದ್ಯಾಮಕ್ಕ ಕುಂಟುತ್ತಾ ಬಂದು ನಮ್ಮ ಜಾಗದ ಮೇಲೆ ಅಂಗೈ ಒತ್ತಿದಳು, ಹಾ ಎಂದು ಕಿತ್ತುಕೊಂಡಳು. ಅಂಗೈ ಕೆಂಪಾಗಿತ್ತು. ಅದನ್ನು ಅವಳು ರಾಚೋಟಪ್ಪನ ಮೂಗಿನ ಮುಂದೆ ಹಿಡಿದಳು.

ಆಗ ನನಗೆ ಹೊಳೆಯಿತು, ಹೊಳೆದದ್ದೇ ಕೂಗಿಬಿಟ್ಟೆ. ಬಿರುಕಿನ ಗಾಳಿಯಲ್ಲಿ ಮೊದಲು ಕೊಳೆತ ಮೊಟ್ಟೆಯ ವಾಸನೆ ಇತ್ತಲ್ಲ, ಅದು ಹೋದ ಮೇಲೆಯೇ ಇದೆಲ್ಲ ಶುರುವಾದದ್ದು! ದ್ಯಾಮಕ್ಕ ಹೇಳುವ ಪಂಕ್ತಿಯಲ್ಲಿ ಆ ವಾಸನೆಯಂಥ ಹಟಮಾರಿ ಮುದುಕರು ಒಂದಿಬ್ಬರು ಕೂತಿದ್ದರೆ ಉಳಿದವರು ಮರ್ಯಾದೆಯಿಂದ ಉಣ್ಣುತ್ತಾರೆ. ಅವರನ್ನೂ ಎಬ್ಬಿಸಿ ಕಳಿಸಿದರೆ ನುಗ್ಗಿದವರು ಮೈಮೇಲೆ ಬಂದವರ ಹಾಗೆ ತಿಂದು, ಚೆಲ್ಲಿ, ಎಲೆಯನ್ನೂ ಹರಿದು ಹೋಗುತ್ತಾರೆ. ಮಸಿ ಎಂದರೆ ಆ ಚೆಲ್ಲಿದ್ದು. ಒಂದೇ ಉಸಿರಿಗೆ ಹೇಳಿದೆ, ಅರ್ಧ ಯಾರಿಗೂ ಅರ್ಥವಾಗಲಿಲ್ಲ. ದ್ಯಾಮಕ್ಕನಿಗೆ ಆಯಿತು. ಅವಳು ನನ್ನನ್ನು ಬಿಟ್ಟು ಸಾವಂತ್ರಿಯನ್ನು ಕೇಳಿದಳು, ಇನ್ನೂ ಇಂಗು ಉಳಿದಿದೆಯೇ ಎಂದು. ಸಾವಂತ್ರಿ ಸೆರಗಿನ ತುದಿಯ ಗಂಟು ಬಿಚ್ಚಿ ಕಡಲೆಕಾಳಷ್ಟು ದೊಡ್ಡ ಕಂದು ಹರಳನ್ನು ಅಂಗೈ ಮೇಲಿಟ್ಟಳು. ಮುಂದಿದ್ದವರೆಲ್ಲ ಹಾವು ಕಂಡವರ ಹಾಗೆ ಹಿಂದೆ ಸರಿದರು.

ತೂಬಿನ ಬಾಯಲ್ಲೇ ಒಂದು ಗಡಿಗೆ ಇಂಗಿನ ಸಾರು ಕುದಿಸೋಣ, ಅದರ ಹಬೆ ಗಾಳಿಯ ಜೊತೆ ಇಡೀ ಕಾವಲಿಯ ಮೇಲೆ ಹೋಗಲಿ ಎಂದಳು ದ್ಯಾಮಕ್ಕ. ದೊಡ್ಡ ಗದ್ದಲವೆದ್ದಿತು. ಹಿರಿಯರ ಮಾತು ನಿಜವಾದರೆ ಕಾವಲಿ ಆ ಗಳಿಗೆಗೇ ಎಂದೆಂದಿಗೂ ತಣ್ಣಗಾಗುತ್ತದೆ. ಸುಮ್ಮನಿದ್ದರೆ ಮಳೆಗಾಲಕ್ಕೆ ಸವೆದು ಹೋಗುತ್ತದೆ. ಹೋಗುವುದೇ ಆದರೆ ಬಿಸಿ ಸಾರು ಕುಡಿದು ಹೋಗಲಿ ಎಂದು ಯಾರೋ ಹಿಂದಿನಿಂದ ಹೇಳಿದರು. ಆದರೆ ರಾಚೋಟಪ್ಪ ಒಂದು ಕರಾರು ಹಾಕಿದರು. ಕಾವಲಿ ಸತ್ತರೆ ಸಾವಂತ್ರಿ ಈ ಅಗಸಿ ದಾಟಿ ಮತ್ತೆ ಬರುವ ಹಾಗಿಲ್ಲ, ಅವಳ ಮಗುವೂ ಬರುವ ಹಾಗಿಲ್ಲ. ಸಾವಂತ್ರಿ ನನ್ನ ಮುಖವನ್ನೂ ನೋಡದೆ ಆಗಲಿ ಎಂದಳು.

ತೂಬಿನ ಬಾಯಿಯನ್ನೂ ಮೊದಲ ಸಾಲನ್ನೂ ಕೆರೆದು ಒರೆಸಿದೆವು. ಕೆಂಪು ಮತ್ತೆ ಭಗ್ಗನೆ ಹೊಳೆಯಿತು. ಸಾವಂತ್ರಿ ಗಡಿಗೆ ಇಟ್ಟು ಬೇಳೆ ಕಟ್ಟು, ಹುಳಿ, ಉಪ್ಪು ಹಾಕಿದಳು. ಅದು ಕುದಿಯಲು ಹೊತ್ತು ಹಿಡಿಯಲಿಲ್ಲ. ಹರಳನ್ನು ಉಗುರಿನಿಂದ ಕೆರೆದು ಉದುರಿಸತೊಡಗಿದಳು. ಎಷ್ಟು ಎಂದು ಯಾರಿಗೂ ಗೊತ್ತಿಲ್ಲ. ಎಲ್ಲರೂ ನನ್ನನ್ನು ನೋಡಿದರು. ಬಿರುಕಿನ ಹಳೆಯ ವಾಸನೆ ಎಷ್ಟು ಸಣ್ಣದಾಗಿತ್ತು ಎಂದು ನನ್ನ ಮೂಗಿಗೆ ಮಾತ್ರ ನೆನಪಿತ್ತು. ನಾನು ಕಾವಲಿಯ ಅಂಚಿನಲ್ಲಿ ಬಗ್ಗಿ ಕಣ್ಣು ಮುಚ್ಚಿದೆ. ಏನೂ ಇಲ್ಲ. ಏನೂ ಇಲ್ಲ. ಆಮೇಲೆ ಒಂದು ಎಳೆ ಬಂತು, ಇದೆಯೋ ಇಲ್ಲವೋ ಎಂಬಷ್ಟು. ಸಾಕು ಎಂದೆ. ಅವಳು ಕೈ ಹಿಂದೆ ತೆಗೆದಳು.

ಕೆಂಪು ಇಳಿಯಿತು. ಮೊದಲ ಸಾಲು ಮಂಕಾಗಿ, ಕಂದಾಗಿ, ಬೂದಾಯಿತು. ಹೆಂಗಸೊಬ್ಬಳು ಗೊಳೋ ಎಂದು ಅಳಲು ಶುರುಮಾಡಿದಳು. ರಾಚೋಟಪ್ಪ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದರು, ಸಾವಿನ ಮನೆಯಲ್ಲಿ ಹಿಡಿಯುವ ಹಾಗೆ. ಸಾವಂತ್ರಿ ಹೋಗಿ ತನ್ನ ಗಂಟು ಎತ್ತಿಕೊಂಡಳು. ನಾನೂ ಅವಳ ಪಕ್ಕಕ್ಕೆ ಹೋಗಿ ನಿಂತೆ, ಹೋಗುವುದಾದರೆ ಇಬ್ಬರೂ ಎಂದು. ಯಾರೂ ಕದಲಲಿಲ್ಲ. ಕೆರೆದ ಜಾಗವನ್ನು ಎಲ್ಲರೂ ನೋಡುತ್ತಿದ್ದೆವು. ಇಷ್ಟು ಹೊತ್ತಿಗೆ ಮಸಿಯ ಮೀಸೆ ಮೂಡಬೇಕಿತ್ತು. ಮೂಡಲಿಲ್ಲ. ಇನ್ನಷ್ಟು ಹೊತ್ತು ಕಾದೆವು. ಬಿಸಿಲು ಏರಿತು. ಆಗಲೂ ಮೂಡಲಿಲ್ಲ.

ದ್ಯಾಮಕ್ಕ ಹಿಟ್ಟು ನಾದಿ ಒಂದು ರೊಟ್ಟಿ ತಟ್ಟಿದಳು. ಬೂದುಬಣ್ಣದ ಕಾವಲಿಯ ಮೇಲೆ ಹಾಕಿದಳು. ಏನೂ ಆಗಲಿಲ್ಲ. ಹಿಟ್ಟು ಹಿಟ್ಟಾಗಿಯೇ ಕೂತಿತ್ತು. ಆಮೇಲೆ ಅದರ ನಡುವೆ ಒಂದು ಸಣ್ಣ ಗುಳ್ಳೆ ಎದ್ದಿತು. ಪಕ್ಕದಲ್ಲಿ ಇನ್ನೊಂದು. ದ್ಯಾಮಕ್ಕ ತಿರುವಿ ಹಾಕಿದಳು, ರೊಟ್ಟಿ ಮೆಲ್ಲಗೆ, ಹಳೆಯ ಕಾಲದಲ್ಲಿ ಉಬ್ಬುತ್ತಿದ್ದ ಹಾಗೆ, ಮೈತುಂಬ ಉಬ್ಬಿತು. ನಾನು ಕಿರುಚಿದೆನೋ, ಊರೆಲ್ಲ ಕಿರುಚಿತೋ ತಿಳಿಯದು. ಯಾರು ಯಾರನ್ನು ತಬ್ಬಿಕೊಂಡರು ಎಂಬುದೂ ತಿಳಿಯದು. ನನ್ನನ್ನು ತಬ್ಬಿಕೊಂಡವರು ಗಡಿಗೆಯನ್ನು ಗೇಣು ಆಚೆ ಸರಿಸಿ ಇಡುತ್ತಿದ್ದ ಪಕ್ಕದ ಜಾಗದವರು ಎಂಬುದಷ್ಟೇ ನೆನಪು.

ಗದ್ದಲದ ನಡುವೆ ತೂಬಿನ ಬಾಯಲ್ಲಿ ಸಾರು ಕುದಿಯುತ್ತಲೇ ಇತ್ತು. ಅದನ್ನು ಏನು ಮಾಡುವುದೆಂದು ಯಾರಿಗೂ ಗೊತ್ತಿಲ್ಲ. ಇಂಗು ತಿಂದರೆ ಏನಾದೀತೋ ಎಂದು ಎಲ್ಲರೂ ದೂರದಿಂದಲೇ ಇಣುಕಿದರು. ದ್ಯಾಮಕ್ಕ ರೊಟ್ಟಿ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟಳು. ಅಗಿದಳು. ಅಗಿಯುವುದನ್ನು ನಿಲ್ಲಿಸಿದಳು. ಅವಳ ಕಣ್ಣಲ್ಲಿ ನೀರು ತುಂಬಿತು. ಖಾರವೇನೂ ಇರಲಿಲ್ಲ. ಮತ್ತೊಂದು ತುಂಡು ಅದ್ದಿದಳು, ಮತ್ತೊಂದು, ರೊಟ್ಟಿ ಮುಗಿದ ಮೇಲೆ ಬಟ್ಟಲಲ್ಲಿ ಸುರಿದುಕೊಂಡು ಕುಡಿದಳು. ಕಡೆಗೆ ಬಟ್ಟಲು ಕೆಳಗಿಟ್ಟು ರಾಚೋಟಪ್ಪನ ಕಡೆ ತಿರುಗಿದಾಗ ಅವಳ ಮುಖದಲ್ಲಿ ಇದ್ದದ್ದು ಶುದ್ಧ ಸಿಟ್ಟು.

"ಎಪ್ಪತ್ತು ವರ್ಷ ಆತು ನನಗ," ಎಂದಳು. "ಇಷ್ಟು ದಿನಾ ನಾವು ಉಂಡದ್ದಾದರೂ ಏನು?"

ರಾಚೋಟಪ್ಪ ಉತ್ತರಕ್ಕಾಗಿ ಬಾಯಿ ತೆರೆಯುವಷ್ಟರಲ್ಲಿ ಅವಳು ಎದ್ದು ಸಾವಂತ್ರಿಯ ಕೈಯಿಂದ ಗಂಟನ್ನು ಕಿತ್ತುಕೊಂಡಿದ್ದಳು. ಮಸಿ ಬಾರದಿರಲು ಇನ್ನು ದಿನಾ ಇಂಗು ಕುದಿಯಬೇಕು, ನಾಳೆ ತೂಬಿನ ಬಾಯಲ್ಲಿ ಗಡಿಗೆ ಇಡುವ ಪಾಳಿ ತನ್ನದು, ಸಾವಂತ್ರಿ ಬಂದು ಪಕ್ಕದಲ್ಲಿ ನಿಂತು ಕಲಿಸಬೇಕು ಎಂದಳು. ಅಷ್ಟು ಹೇಳಿದ್ದೇ ತಡ, ನಾಡಿದ್ದು ನಮ್ಮದು, ಅದರ ಮಾರನೆಯ ದಿನ ನಮ್ಮದು ಎಂದು ಜನ ಮುಗಿಬಿದ್ದರು. ಮೊದಲ ಸಾಲಿನವರು ಮೊದಲು ಎಂದು ಒಬ್ಬ ಹೇಳಿದ್ದಕ್ಕೆ ಕಡೆಯ ಸಾಲಿನವರು ಹೊಡೆಯಲು ಹೋದರು. ಸಾವಂತ್ರಿ ಸೌಟು ಹಿಡಿದು, ಊದಿ ಆರಿಸಿ, ಇದ್ದಬದ್ದವರ ಅಂಗೈಗೆಲ್ಲ ಸಾರು ಹಾಕುತ್ತಿದ್ದಳು. ರಾಚೋಟಪ್ಪ ಸಾಲಿನ ಕಡೆಯಲ್ಲಿ ನಿಂತು, ರುಮಾಲನ್ನು ಹೆಗಲ ಮೇಲೆ ಹಾಕಿಕೊಂಡು, ತಮ್ಮ ಸರದಿ ಬಂದಾಗ ಎರಡೂ ಕೈ ಬೊಗಸೆ ಮಾಡಿ ಚಾಚಿದರು. ಅವಳು ಒಂದು ಗಳಿಗೆ ಆ ಕೈಗಳನ್ನು ನೋಡಿದಳು. ಆಮೇಲೆ ಬಗ್ಗಿ, ಊರೆಲ್ಲ ನೋಡುತ್ತಿರುವಾಗ, ಅವುಗಳನ್ನು ಚೆನ್ನಾಗಿ ಮೂಸಿ ನೋಡಿ, ಸಾರು ಬಡಿಸಿದಳು.